ಸೆಪ್ಟೆಂಬರಿನ ಕಡಲು: ಇಂಗ್ಲೆಂಡಿನ ಕರಾವಳಿ ವಿಹಾರದ ಇತಿಹಾಸ

ಕಡಲತೀರದ ವಿಹಾರವೆಂದರೆ ಬಿಸಿಲುಗಾಲದ ವಿಹಾರವೆಂಬ ಭಾವನೆ ಇಂದು ಗಟ್ಟಿಯಾಗಿ ಬೇರೂರಿದೆಯಾದರೂ, ಈ ರೂಢಿ ಮೊದಲು ಸ್ಪಷ್ಟವಾಗಿ ರೂಪುಗೊಂಡ ಇಂಗ್ಲೆಂಡಿನಲ್ಲಿ ಅದರ ಹಂಗಾಮು ಶರತ್ಕಾಲದ ಆರಂಭವನ್ನೂ ಒಳಗೊಂಡಿತ್ತು. ನೀರು ನೆಲಕ್ಕಿಂತ ನಿಧಾನವಾಗಿ ಕಾಯುವುದರಿಂದ ಮತ್ತು ಅಷ್ಟೇ ನಿಧಾನವಾಗಿ ಆರುವುದರಿಂದ, ಅಲ್ಲಿನ ಕಡಲು ವರ್ಷದಲ್ಲೆಲ್ಲ ಹೆಚ್ಚು ಬೆಚ್ಚಗಿರುವುದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನವರೆಗೆ. ಆದರೆ ಜನ ಯಾವಾಗ ಕಡಲಿಗೆ ಹೋಗಬೇಕೆಂಬುದನ್ನು ನೀರಿನ ಬಿಸುಪು ತೀರ್ಮಾನಿಸಿದ್ದು ಅಪರೂಪ. ಮೊದಲು ವೈದ್ಯರು, ಬಳಿಕ ಅರಮನೆ ಮತ್ತು ಸಂಸತ್ತು, ಆಮೇಲೆ ಹತ್ತಿ ಗಿರಣಿ, ಕೊನೆಗೆ ಸರ್ಕಾರ, ಶಾಲೆ ಮತ್ತು ನಗರಸಭೆ ಈ ತೀರ್ಮಾನವನ್ನು ಕೈಗೆ ತೆಗೆದುಕೊಂಡವು.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಿರಿವಂತರು ಆರೋಗ್ಯಕ್ಕಾಗಿ ಹೋಗುತ್ತಿದ್ದುದು ಕಡಲಿಗಲ್ಲ, ಖನಿಜಯುಕ್ತ ಬುಗ್ಗೆಗಳಿದ್ದ ಊರುಗಳಿಗೆ. ಯಾರ್ಕ್‌ಷೈರಿನ ಸ್ಕಾರ್‌ಬರೋ ಪಟ್ಟಣದಲ್ಲಿ ಇಂಥದೊಂದು ಬುಗ್ಗೆ ಕಡಲ ದಂಡೆಯ ಮೇಲೆಯೇ ಇದ್ದುದರಿಂದ ಬುಗ್ಗೆಯ ನೀರು ಕುಡಿಯುವ ಚಿಕಿತ್ಸೆಯ ಪಕ್ಕದಲ್ಲೇ ಕಡಲಸ್ನಾನದ ಚಿಕಿತ್ಸೆಯೂ ಬೆಳೆಯಿತು, ಮತ್ತು 1660ರ ದಶಕದಲ್ಲಿ ರಾಬರ್ಟ್ ವಿಟ್ಟಿ ಎಂಬ ವೈದ್ಯ ಆ ಊರಿನ ನೀರಿನ ಗುಣಗಳನ್ನು ಪುಸ್ತಕ ಬರೆದು ಹೊಗಳಿದ. ಆದರೆ ಕಡಲಸ್ನಾನಕ್ಕೆ ವೈದ್ಯಶಾಸ್ತ್ರದ ಮನ್ನಣೆ ತಂದುಕೊಟ್ಟವನು ಸಸೆಕ್ಸ್ ಪ್ರಾಂತದ ಲೂಯಿಸ್ ಪಟ್ಟಣದ ವೈದ್ಯ ರಿಚರ್ಡ್ ರಸ್ಸೆಲ್. ಗ್ರಂಥಿಗಳ ಬೇನೆಗೆ ಕಡಲ ನೀರು ಮದ್ದೆಂದು ವಾದಿಸುವ ಅವನ ಲ್ಯಾಟಿನ್ ಪ್ರಬಂಧ 1750ರಲ್ಲಿ ಹೊರಬಂದು, ಕೆಲವೇ ವರ್ಷಗಳಲ್ಲಿ ಇಂಗ್ಲಿಷಿಗೂ ಅನುವಾದಗೊಂಡಿತು. ರೋಗಿಗಳು ಕಡಲಲ್ಲಿ ಮುಳುಗಿ ಏಳುವುದಷ್ಟೇ ಅಲ್ಲದೆ ಆ ಉಪ್ಪುನೀರನ್ನು ಕುಡಿಯಲೂ ಬೇಕೆಂಬುದು ಅವನ ವಿಧಿಯಾಗಿತ್ತು. ಅವನು ಬಂದು ನೆಲೆಸಿದ ಬ್ರೈಟನ್ ಎಂಬ ಬಡ ಮೀನುಗಾರರ ಊರು ಅವನಿಂದಾಗಿ ರೋಗಿಗಳ ಊರಾಯಿತು. ತಣ್ಣೀರಿನ ಆಘಾತವೇ ದೇಹಕ್ಕೆ ಬಲವೆಂದು ನಂಬಿದ್ದ ಆ ಕಾಲದ ವೈದ್ಯರಿಗೆ ಬಿಸಿಲು ಬೇಕಾಗಿರಲಿಲ್ಲವಾದ್ದರಿಂದ, ತಂಪೇರುವ ತಿಂಗಳುಗಳಲ್ಲಿ ಸ್ನಾನ ಮಾಡಿಸಲು ಅವರಿಗೆ ಯಾವ ಹಿಂಜರಿಕೆಯೂ ಇರಲಿಲ್ಲ.

ಈ ಸ್ನಾನದ ಕ್ರಮ ಇಂದಿನ ಈಜಿನಂತಿರಲಿಲ್ಲ. ನಾಲ್ಕು ಗಾಲಿಗಳ ಮೇಲೆ ನಿಲ್ಲಿಸಿದ ಮರದ ಪುಟ್ಟ ಕೋಣೆಯೊಂದನ್ನು ಕುದುರೆ ಕಡಲೊಳಕ್ಕೆ ಎಳೆದೊಯ್ಯುತ್ತಿತ್ತು. ಒಳಗಿದ್ದವರು ಕತ್ತಲಲ್ಲೇ ಬಟ್ಟೆ ಬದಲಿಸಿ, ನೀರಿನ ಕಡೆಯ ಬಾಗಿಲಿನಿಂದ ಮೆಟ್ಟಿಲಿಳಿಯುತ್ತಿದ್ದರು. ಸ್ನಾನದ ಬಂಡಿ ಎನ್ನಬಹುದಾದ ಈ ಸಾಧನ 1735ರ ಹೊತ್ತಿಗಾಗಲೇ ಸ್ಕಾರ್‌ಬರೋದ ಒಂದು ಕೆತ್ತನೆ ಚಿತ್ರದಲ್ಲಿ ಕಾಣಿಸಿಕೊಂಡಿದೆ, ಮತ್ತು ಸ್ನಾನ ಮಾಡುವವರನ್ನು ದಡದವರ ಕಣ್ಣಿನಿಂದ ಮರೆಮಾಡುವ ಕ್ಯಾನ್ವಾಸಿನ ಮುಸುಕನ್ನು ಅದಕ್ಕೆ ಜೋಡಿಸಿದ ಶ್ರೇಯಸ್ಸು ಮಾರ್ಗೇಟಿನ ಬೆಂಜಮಿನ್ ಬೀಲ್‌ಗೆ ಸಲ್ಲುತ್ತದೆ. ಮೆಟ್ಟಿಲ ಬುಡದಲ್ಲಿ ಸೊಂಟಮಟ್ಟದ ನೀರಿನಲ್ಲಿ ಕಾದು ನಿಂತು, ಇಳಿದು ಬಂದವರನ್ನು ತೋಳಲ್ಲಿ ಹಿಡಿದು ಅಲೆಗೆ ಮುಳುಗಿಸಿ ಎತ್ತುವುದೇ ಕಸುಬಾಗಿದ್ದ ಹೆಂಗಸರನ್ನು ಡಿಪ್ಪರ್ ಎನ್ನುತ್ತಿದ್ದರು. ಬ್ರೈಟನ್ನಿನಲ್ಲಿ ಈ ಕಸುಬಿನಿಂದ ಹೆಸರಾದ ಮಾರ್ಥಾ ಗನ್ 1815ರಲ್ಲಿ ತೀರಿಕೊಂಡಾಗ ಎಂಬತ್ತೆಂಟು ವರ್ಷ ದಾಟಿದ್ದಳು.

ವೈದ್ಯರ ಈ ಕಟ್ಟಳೆಯನ್ನು ಅರಮನೆ ಮೋಜಾಗಿ ಮಾರ್ಪಡಿಸಿತು. ಮುಂದೆ ನಾಲ್ಕನೆಯ ಜಾರ್ಜ್ ಎನಿಸಿದ ಯುವರಾಜ ಬ್ರೈಟನ್ನಿಗೆ ಮೊದಲ ಬಾರಿ ಬಂದದ್ದು 1783ರ ಸೆಪ್ಟೆಂಬರಿನಲ್ಲಿ. ಅವನ ತಂದೆ ಮೂರನೆಯ ಜಾರ್ಜ್ ಕಾಯಿಲೆಯಿಂದ ಚೇತರಿಸಿಕೊಂಡು 1789ರಲ್ಲಿ ವೇಮತ್ ಪಟ್ಟಣದಲ್ಲಿ ಕಡಲಿಗಿಳಿದಾಗ, ಪಕ್ಕದ ಬಂಡಿಯೊಂದರಲ್ಲಿ ಅಡಗಿ ಕೂತಿದ್ದ ವಾದ್ಯದವರು ರಾಜಗೀತೆ ನುಡಿಸಿದ ಸಂಗತಿಯನ್ನು ಲೇಖಕಿ ಫ್ಯಾನಿ ಬರ್ನಿ ದಾಖಲಿಸಿದ್ದಾಳೆ. ಸಂಸತ್ತಿನ ಅಧಿವೇಶನ ಬೇಸಗೆಯಲ್ಲಿ ಮುಗಿದ ಮೇಲಷ್ಟೇ ಜಮೀನುದಾರ ಮನೆತನಗಳಿಗೆ ಬಿಡುವು ಸಿಗುತ್ತಿದ್ದುದರಿಂದ ಕಡಲೂರುಗಳು ತುಂಬುವ ಕಾಲ ಸಹಜವಾಗಿಯೇ ಶರತ್ಕಾಲದತ್ತ ಸರಿಯಿತು. ಕಾದಂಬರಿಗಾರ್ತಿ ಜೇನ್ ಆಸ್ಟಿನ್ 1804ರ ಸೆಪ್ಟೆಂಬರ್ ನಡುವಿನಲ್ಲಿ ಲೈಮ್ ಎಂಬ ಕಡಲೂರಿನಿಂದ ಅಕ್ಕನಿಗೆ ಬರೆದ ಪತ್ರದಲ್ಲಿ, ಸ್ನಾನದ ಸುಖಕ್ಕೆ ಮರುಳಾಗಿ ನೀರಲ್ಲಿ ಹೆಚ್ಚು ಹೊತ್ತು ಇದ್ದುಬಿಟ್ಟು ದಣಿದುದನ್ನು ಹೇಳಿಕೊಂಡಿದ್ದಾಳೆ. ಸಿರಿವಂತರ ಈ ಊರುಗಳಲ್ಲಿ ಭಾರತೀಯನೊಬ್ಬನಿಗೂ ಜಾಗ ದೊರೆಯಿತು: ಪಟ್ನಾದಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ನಂಟಿನಿಂದ ಐರ್ಲೆಂಡಿಗೆ ಹೋಗಿ ನೆಲೆಸಿದ್ದ ಶೇಖ್ ದೀನ್ ಮಹಮದ್, ಬಳಿಕ ಬ್ರೈಟನ್ನಿನಲ್ಲಿ ಗಿಡಮೂಲಿಕೆಗಳ ಹಬೆಸ್ನಾನ ಮತ್ತು ಅಂಗಮರ್ದನದ ಮನೆ ತೆರೆದು, ಇಬ್ಬರು ದೊರೆಗಳ ಆಶ್ರಯ ಪಡೆದ.

ಲಂಡನ್ನಿನಿಂದ ಬ್ರೈಟನ್ನಿಗೆ 1841ರಲ್ಲಿ, ಲ್ಯಾಂಕಾಷೈರಿನ ಬ್ಲ್ಯಾಕ್‌ಪೂಲಿಗೆ 1846ರಲ್ಲಿ ರೈಲು ಬಂದ ಮೇಲೆ ಕಡಲು ಸಾಮಾನ್ಯರ ಕೈಗೆ ಎಟುಕಿತು. ಲ್ಯಾಂಕಾಷೈರಿನ ಗಿರಣಿ ಊರುಗಳಲ್ಲಿ ವೇಕ್ಸ್ ಎಂಬ ಹಳೆಯ ಆಚರಣೆಯಿತ್ತು. ಊರಿನ ಚರ್ಚಿನ ಸಂತನ ಹೆಸರಿನಲ್ಲಿ ನಡೆಯುತ್ತಿದ್ದ, ನಮ್ಮ ಊರ ಜಾತ್ರೆಯಂಥ ಈ ಹಬ್ಬದ ದಿನಗಳಲ್ಲಿ ಕೆಲಸಗಾರರು ಗಿರಣಿಗೆ ಬರುತ್ತಲೇ ಇರಲಿಲ್ಲವಾದ್ದರಿಂದ, ಮಾಲೀಕರು ಕ್ರಮೇಣ ಇದನ್ನೊಪ್ಪಿ ಇಡೀ ಗಿರಣಿಯನ್ನೇ ಮುಚ್ಚಿ, ಆ ಬಿಡುವಿನಲ್ಲಿ ಬಾಯ್ಲರ್ ತೊಳೆಸಿ ಯಂತ್ರ ದುರಸ್ತಿ ಮಾಡಿಸತೊಡಗಿದರು. ಒಂದೊಂದು ಊರಿಗೆ ಒಂದೊಂದು ವಾರವಾದ್ದರಿಂದ ಬ್ಲ್ಯಾಕ್‌ಪೂಲಿಗೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಜನ ಸರದಿಯ ಮೇಲೆ ಬರುತ್ತಿದ್ದರು. ಓಲ್ಡಮ್ ಊರಿನ ಸರದಿ ಬರುತ್ತಿದ್ದುದು ಆಗಸ್ಟ್ ಕೊನೆಯಲ್ಲಿ. ರಜೆಗೆ ಸಂಬಳವಿರಲಿಲ್ಲ. ಆದಕಾರಣ ಕೆಲಸಗಾರರು ಉಳಿತಾಯದ ಕೂಟಗಳಲ್ಲಿ ವಾರವಾರವೂ ಚಿಲ್ಲರೆ ಕಾಸು ಕಟ್ಟಿ, ವೇಕ್ಸ್ ಹತ್ತಿರ ಬಂದಾಗ ಇಡೀ ಮೊತ್ತವನ್ನು ಎತ್ತಿಕೊಳ್ಳುತ್ತಿದ್ದರು. ಇಳಿದುಕೊಳ್ಳುವ ಮನೆಗಳಲ್ಲಿ ಬಾಡಿಗೆ ಹಾಸಿಗೆಗಷ್ಟೇ. ದಿನಸಿಯನ್ನು ಬಂದವರೇ ಕೊಂಡು ತಂದರೆ ಮನೆಯೊಡತಿ ಅಡುಗೆ ಮಾಡಿ ಬಡಿಸುತ್ತಿದ್ದಳು, ಮತ್ತು ಮೇಜಿನ ಮೇಲಿಡುವ ಉಪ್ಪು, ಮೆಣಸು, ವಿನೆಗರ್‌ಗೂ ಬಿಲ್ಲಿನಲ್ಲಿ ಬೇರೆ ಕಾಸು ಹಾಕುತ್ತಾಳೆಂಬ ದೂರು ಬಹುಕಾಲ ಉಳಿದುಕೊಂಡಿತ್ತು.

ರಜೆ ಕಾನೂನಿನ ವಿಷಯವಾದಂತೆ ಹಂಗಾಮು ಕುಗ್ಗಿತು. 1871ರ ಬ್ಯಾಂಕ್ ರಜೆ ಶಾಸನ ಆಗಸ್ಟ್ ತಿಂಗಳ ಮೊದಲ ಸೋಮವಾರವನ್ನು ಸಾರ್ವತ್ರಿಕ ಬಿಡುವನ್ನಾಗಿಸಿತು. 1938ರ ಶಾಸನ ಸಂಬಳಸಹಿತ ರಜೆಗೆ ದಾರಿ ತೆರೆಯಿತು. ಶಾಲೆಗಳ ದೊಡ್ಡ ರಜೆಯೂ ಆಗಸ್ಟ್ ತಿಂಗಳಲ್ಲೇ ಬಿದ್ದುದರಿಂದ ಮಕ್ಕಳಿದ್ದ ಕುಟುಂಬಗಳೆಲ್ಲ ಒಟ್ಟಿಗೆ ಹೊರಡುವಂತಾಗಿ, ಸೆಪ್ಟೆಂಬರಿನ ಕಡಲೂರು ಬರಿದಾಗತೊಡಗಿತು.

ಈ ನಷ್ಟಕ್ಕೆ ಎದುರಾಗಿ ಬ್ಲ್ಯಾಕ್‌ಪೂಲ್ ನಗರಸಭೆ ಹೂಡಿದ ಉಪಾಯ ವಿದ್ಯುತ್ ದೀಪ. ಎಡಿಸನ್ನನ ಬಲ್ಬು ಬಳಕೆಗೆ ಬರುವ ಮೊದಲೇ, 1879ರ ಸೆಪ್ಟೆಂಬರಿನಲ್ಲಿ, ಎರಡು ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಹಾಯ್ದು ಬೆಳಗುವ ಎಂಟು ಆರ್ಕ್ ದೀಪಗಳು ಅಲ್ಲಿನ ಕಡಲ ರಸ್ತೆಯಲ್ಲಿ ಹತ್ತಿದವು. 1912ರಲ್ಲಿ ರಾಜಕುಮಾರಿ ಲೂಯಿಸ್ ಬಂದು ಹೊಸ ರಸ್ತೆಯನ್ನು ಉದ್ಘಾಟಿಸಿದ ಸಂದರ್ಭಕ್ಕೆ ಸುಮಾರು 10,000 ಬಲ್ಬುಗಳ ಅಲಂಕಾರ ನಡೆದಾಗ, ಅದನ್ನು ಹಂಗಾಮಿನ ಕೊನೆಯಲ್ಲಿ ಮತ್ತೊಮ್ಮೆ ಹಚ್ಚಬೇಕೆಂದು ಊರಿನ ವ್ಯಾಪಾರಿಗಳು ಒತ್ತಾಯಿಸಿದರು. ಆ ಸೆಪ್ಟೆಂಬರಿನಲ್ಲಿ ಬಂದ ಜನಸಂದಣಿಯಿಂದ ದೀಪೋತ್ಸವ ವಾಡಿಕೆಯಾಯಿತು. ಮೊದಲ ಮಹಾಯುದ್ಧದಿಂದ ನಿಂತದ್ದು 1925ರಲ್ಲಿ ಮರಳಿ ಬಂದು, ಎರಡನೆಯ ಯುದ್ಧದ ಕತ್ತಲೆ ಕಟ್ಟಳೆಯಿಂದ 1939ರಲ್ಲಿ ಮತ್ತೆ ನಿಂತು, 1949ರಿಂದ ಪುನಃ ನಡೆದು ಬಂದಿದೆ. ಈ ದೀಪಗಳಿಗೆ ಬೇಕಾದದ್ದು ಕತ್ತಲೆ. ಹೊತ್ತು ಬೇಗ ಮುಳುಗುವ ಶರತ್ಕಾಲದ ಕೊರತೆಯನ್ನೇ ನಗರಸಭೆ ಬಂಡವಾಳವಾಗಿಸಿಕೊಂಡಿತು.

ವಿಮಾನದ ಅಗ್ಗದ ಪ್ರವಾಸಗಳು 1950ರಿಂದೀಚೆಗೆ ಇಂಗ್ಲಿಷರನ್ನು ಮೆಡಿಟರೇನಿಯನ್ ತೀರಕ್ಕೆ ಸೆಳೆದವು, ಗಿರಣಿಗಳು ಮುಚ್ಚಿದಂತೆ ವೇಕ್ಸ್ ವಾರಗಳೂ ಮರೆಯಾದವು. ಹಂಗಾಮು ಉದ್ದವಾಗಲೆಂದು ಸರ್ಕಾರವೇ ಆಗಸ್ಟ್ ಮೊದಲ ಸೋಮವಾರದ ರಜೆಯನ್ನು 1965ರಿಂದ ತಿಂಗಳ ಕೊನೆಗೆ ಸರಿಸಿ, 1971ರ ಶಾಸನದಿಂದ ಅದನ್ನು ಖಾಯಂಗೊಳಿಸಿತು. ಸ್ನಾನದ ಬಂಡಿಯಿಂದ ದೀಪೋತ್ಸವದವರೆಗಿನ ಈ ಚರಿತ್ರೆ ತೋರಿಸಿಕೊಡುವುದು ಇಷ್ಟು: ಪ್ರವಾಸದ ಹಂಗಾಮು ಋತುವಿನ ಕೊಡುಗೆಯಲ್ಲ, ದುಡಿಮೆಯ ಲೆಕ್ಕಾಚಾರ, ಯಾರಿಗೆ ಯಾವಾಗ ಬಿಡುವು ಸಿಗುತ್ತದೆಂಬುದು ಬದಲಾದಾಗಲೆಲ್ಲ ಕಡಲ ಕಾಲವೂ ಬದಲಾಗಿದೆ.