ಗೂನುಬೆನ್ನು: ಕಾರಣ ಅರಿತರೆ ಚಿಕಿತ್ಸೆ ಸುಗಮ

ಹೊನ್ನಾಳಿ, ನ್ಯಾಮತಿ ಸೀಮೆಯ ಗೋವಿನಕೋವಿಯಂತಹ ಹಳ್ಳಿಗಳಲ್ಲಿ ಭತ್ತದ ನಾಟಿ, ಕಳೆ ಕೀಳುವುದು, ಅಡಿಕೆ ಸುಲಿಯುವುದು ಮೊದಲಾದ ಕೆಲಸಗಳೆಲ್ಲ ಬೆನ್ನು ಬಾಗಿಸಿಯೇ ನಡೆಯುವಂಥವು. ಆದುದರಿಂದ ಹಿರಿಯರ ಬೆನ್ನು ಗೂನಾದರೆ ದುಡಿಮೆಯ ಫಲವೆಂದೂ, ಮಗುವಿನ ಬೆನ್ನು ಗೂನಾದರೆ ಹಣೆಬರಹವೆಂದೂ ಸುಮ್ಮನಾಗುವವರುಂಟು. ಆದರೆ ಗೂನು ತಾನೇ ಒಂದು ರೋಗವಲ್ಲ. ಒಳಗಿರುವ ಬೇರೆ ಕಾರಣದ ಕುರುಹು. ಆ ಕಾರಣವನ್ನು ಪತ್ತೆಹಚ್ಚುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಗೂನು ಎಂದರೇನು?

ಎದೆಯ ಹಿಂಭಾಗದಲ್ಲಿರುವ 12 ಬೆನ್ನುಮಣಿಗಳು ಸಹಜವಾಗಿಯೇ ಸ್ವಲ್ಪ ಹೊರಕ್ಕೆ ಬಾಗಿರುತ್ತವೆ. ಈ ಬಾಗು ಸಾಮಾನ್ಯವಾಗಿ 20ರಿಂದ 45 ಡಿಗ್ರಿಗಳಷ್ಟಿರುತ್ತದೆ. ಇದನ್ನು ಮೀರಿದ ಬಾಗನ್ನು ವೈದ್ಯಕೀಯ ಪರಿಭಾಷೆಯಲ್ಲಿ ಕೈಫೋಸಿಸ್ ಎನ್ನುತ್ತಾರೆ. ನಿಂತ ಭಂಗಿಯಲ್ಲಿ ಪಕ್ಕದಿಂದ ತೆಗೆದ ಎಕ್ಸ್-ರೇ ಚಿತ್ರದಲ್ಲಿ ಬಾಗಿನ ಕೋನವನ್ನು ಅಳೆಯಲಾಗುತ್ತದೆ. ಬಾಗು ವಿಪರೀತವಾದರೆ ಬೆನ್ನುನೋವಿನೊಂದಿಗೆ ಉಸಿರಾಟಕ್ಕೂ ತೊಂದರೆಯಾಗಬಹುದು.

ಮುಖ್ಯ ಕಾರಣಗಳು

ಭಂಗಿಯ ದೋಷ: ಹದಿಹರೆಯದವರಲ್ಲಿ ಇದು ಹೆಚ್ಚು. ಅಂಗಾತ ಮಲಗಿದಾಗ ಅಥವಾ ಎದೆಯುಬ್ಬಿಸಿ ನಿಂತಾಗ ಬೆನ್ನು ನೆಟ್ಟಗಾದರೆ ಮೂಳೆಯಲ್ಲಿ ದೋಷವಿರುವ ಸಂಭವ ಕಡಿಮೆ. ವ್ಯಾಯಾಮ ಹಾಗೂ ಕುಳಿತುಕೊಳ್ಳುವ ಕ್ರಮದ ತಿದ್ದುಪಡಿ ಸಾಕಾಗುತ್ತದೆ.

ಶೂಯರ್‌ಮನ್ ಕಾಯಿಲೆ: ಡೆನ್ಮಾರ್ಕಿನ ವೈದ್ಯ ಹೋಲ್ಗರ್ ಶೂಯರ್‌ಮನ್ ಅವರ ಹೆಸರು ಪಡೆದ ಈ ತೊಂದರೆಯಲ್ಲಿ, ಬೆಳೆಯುವ ವಯಸ್ಸಿನಲ್ಲಿ ಬೆನ್ನುಮಣಿಗಳ ಮುಂಭಾಗ ಗಿಡ್ಡವಾಗಿ ಅವು ಬೆಣೆಯಾಕಾರ ತಾಳುತ್ತವೆ. ಮಲಗಿದರೂ ಗೂನು ಹೋಗುವುದಿಲ್ಲ. ಬೆಳವಣಿಗೆ ಮುಗಿಯುವ ಮುನ್ನ ಪತ್ತೆಯಾದರೆ ಬ್ರೇಸ್ ಎಂಬ ಬೆನ್ನುಕವಚದಿಂದ ಬಾಗು ಹೆಚ್ಚದಂತೆ ತಡೆಯಬಹುದು. ಬಾಗು ಸುಮಾರು 75 ಡಿಗ್ರಿ ದಾಟಿ ನೋವು ಅಥವಾ ನರಗಳ ತೊಂದರೆ ಇದ್ದಲ್ಲಿ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ.

ಮೂಳೆ ಸವೆತ: ಮುಟ್ಟು ನಿಂತ ಮಹಿಳೆಯರಲ್ಲಿ ಮೂಳೆಗಳು ಟೊಳ್ಳಾಗಿ, ಬೀಳದೆಯೇ, ಕೊಡ ಎತ್ತಿದಷ್ಟಕ್ಕೇ ಬೆನ್ನುಮಣಿ ಕುಸಿಯಬಹುದು. ಎತ್ತರ ಕುಗ್ಗುವುದು, ಬೆನ್ನು ಬಾಗುವುದು ಇದರ ಲಕ್ಷಣ. ಒಂದು ಮಣಿ ಕುಸಿದವರಿಗೆ ಮತ್ತೊಂದು ಕುಸಿಯುವ ಭಯ ಹೆಚ್ಚು. ಆದ್ದರಿಂದ ಮೂಳೆ ಬಲಪಡಿಸುವ ಔಷಧ, ಕ್ಯಾಲ್ಸಿಯಂ, ವಿಟಮಿನ್ ಡಿ ಅಗತ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಆಹಾರವೊಂದೇ ಔಷಧಕ್ಕೆ ಬದಲಿಯಲ್ಲ.

ಬೆನ್ನುಮೂಳೆಯ ಕ್ಷಯ: ಇದನ್ನು 1779ರಲ್ಲಿ ವಿವರಿಸಿದ ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಅವರ ಹೆಸರಿನಲ್ಲಿ ಪಾಟ್ಸ್ ಕಾಯಿಲೆ ಎಂದೂ ಕರೆಯುತ್ತಾರೆ. ಕ್ಷಯ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ. ಕೆಮ್ಮು ಇಲ್ಲದೆಯೂ ಇದು ಬರಬಹುದು. ಒಂದೇ ಕಡೆ ಚೂಪಾಗಿ ಎದ್ದ ಗೂನು, ರಾತ್ರಿ ಹೆಚ್ಚುವ ನೋವು, ಸಂಜೆಯ ಜ್ವರ, ತೂಕ ಇಳಿಯುವುದು ಇದರ ಸೂಚನೆಗಳು. ಕನಿಷ್ಠ 12 ತಿಂಗಳು ಔಷಧ ಸೇವಿಸಿದರೆ ಬಹುಪಾಲು ರೋಗಿಗಳು ಗುಣಮುಖರಾಗುತ್ತಾರೆ. ಆದರೆ ಕುಸಿದ ಮೂಳೆ ಮೊದಲಿನಂತಾಗದು. ತಡಮಾಡಿದಷ್ಟೂ ಗೂನು ಶಾಶ್ವತವಾಗಿ ಉಳಿಯುತ್ತದೆ.

ಎಚ್ಚರಿಕೆ

ಕಾರಣ ತಿಳಿಯದೆ ಬೆನ್ನನ್ನು ತುಳಿಸುವುದು, ಎಳೆಸುವುದು, ಬಲವಾಗಿ ನೀವಿಸುವುದು ಅಪಾಯಕರ. ಕ್ಷಯ ಅಥವಾ ಮುರಿತದಿಂದ ದುರ್ಬಲವಾದ ಮಣಿ ಮತ್ತಷ್ಟು ಕುಸಿದು ಬೆನ್ನುಹುರಿಯನ್ನು ಒತ್ತಿದರೆ ಕಾಲಿನ ಶಕ್ತಿಯೇ ಹೋಗಬಹುದು. ಕಾಲು ಜೋಮು ಹಿಡಿದರೆ, ನಡಿಗೆ ತಡವರಿಸಿದರೆ ಅಥವಾ ಮೂತ್ರದ ಹತೋಟಿ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಧಾವಿಸಬೇಕು.

ಎಲ್ಲಿಗೆ ಹೋಗಬೇಕು?

ಈ ಭಾಗದವರು ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷಿಸಿಕೊಂಡು, ಅಗತ್ಯವಿದ್ದಲ್ಲಿ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮೂಳೆರೋಗ ತಜ್ಞರನ್ನು ಕಾಣಬಹುದು. ಕ್ಷಯದ ಔಷಧ ಸರ್ಕಾರದಿಂದ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಡಿ ಪೌಷ್ಟಿಕ ಆಹಾರಕ್ಕೆ ನೀಡುವ ಮಾಸಿಕ ನೆರವನ್ನು 2024ರ ನವೆಂಬರ್‌ನಿಂದ 500 ರೂಪಾಯಿಗಳಿಂದ 1,000 ರೂಪಾಯಿಗಳಿಗೆ ಏರಿಸಲಾಗಿದೆ.

ಬಾಗಿದ ಬೆನ್ನೆಲ್ಲವೂ ನೆಟ್ಟಗಾಗದಿರಬಹುದು. ಆದರೆ ಸಕಾಲದಲ್ಲಿ ಕಾರಣ ಕಂಡುಕೊಂಡರೆ ಅದು ಇನ್ನಷ್ಟು ಬಾಗದಂತೆ ತಡೆಯುವುದು ಬಹುತೇಕ ಸಂದರ್ಭಗಳಲ್ಲಿ ಸಾಧ್ಯ.