ಮಣ್ಣಿಗೆ ಹೋಗುವುದು

ಚಂದಕವಾಡಿಯ ಸೀಮೆಯಲ್ಲಿ, ಬೆಳಗ್ಗೆ ಹೊಲದತ್ತ ಕಾಣಿಸದ ನೆರೆಯವನನ್ನು ಸಂಜೆ ಕಂಡು ಕಾರಣವನ್ನು ವಿಚಾರಿಸಿದರೆ, ‘ಮಣ್ಣಿಗೆ ಹೋಗಿದ್ದೆ’ ಎಂದು ಅವನು ಹೇಳುವುದುಂಟು. ಸತ್ತವನನ್ನು ಮಣ್ಣಿಗೆ ಒಪ್ಪಿಸಿ ಬಂದವನು ತಾನೇ ಮಣ್ಣಿಗೆ ಹೋಗಿದ್ದೆನೆಂದು ನುಡಿಯುವ ಈ ಮಾತು ನಮ್ಮ ಹಳೆಯ ಮೈಸೂರಿನ ಹಳ್ಳಿಗರಿಗೆ ಎಷ್ಟು ಸಹಜವೆಂದರೆ, ಅದರೊಳಗೆ ಒಂದು ಧರ್ಮವೇ ಅಡಗಿರುವುದನ್ನು ಯಾರೂ ನಿಂತು ಗಮನಿಸುವುದಿಲ್ಲ. ಸಾವು ಒಂದು ಮನೆಗೆ ಬಂದರೂ ಮಣ್ಣು ಊರಿನದು. ಆ ಮಣ್ಣಿನವರೆಗೆ ಸತ್ತವನ ಸಂಗಡ ನಡೆಯುವುದು ಊರಿನ ಋಣ.

ಆ ಋಣವು ತೀರುವುದಕ್ಕೆ ಮೂರು ಕಾರ್ಯಗಳು ನಡೆಯಬೇಕು. ಬಂಧುಗಳು ಮುಖವನ್ನು ನೋಡಬೇಕು. ಬಂದವರೆಲ್ಲರೂ ಕುಣಿಯೊಳಕ್ಕೆ ಹಿಡಿಮಣ್ಣನ್ನು ಹಾಕಬೇಕು. ಮೂರನೆಯ ದಿನ ಮನೆಯವರು ಅದೇ ಸ್ಥಳಕ್ಕೆ ಬಂದು ಹಾಲುತುಪ್ಪವನ್ನು ಬಿಡಬೇಕು. ಮೂರಕ್ಕೂ ಶರೀರವು ಎದುರಿಗಿರಬೇಕು, ಇಲ್ಲವೇ ಅದು ಮಲಗಿದ ನೆಲವಾದರೂ ಕಾಲಿಗೆ ಎಟುಕುವಂತಿರಬೇಕು. ಆದುದರಿಂದಲೇ ಪರದೇಶದಲ್ಲಿ ಒದಗಿದ ಮರಣವು ನಮ್ಮವರಿಗೆ ಎರಡು ಬಾರಿ ಸತ್ತಂತೆ ತೋರುವುದು.

ವಿರಕ್ತರಿಗೆ ಈ ಕೊರತೆಯಿಲ್ಲ. ನಮ್ಮ ನೆರೆಯ ಹರದನಹಳ್ಳಿಯ ಪೀಠದ ಗೋಸಲ ಚನ್ನಬಸವೇಶ್ವರರ ಶಿಷ್ಯರಾದ ತೋಂಟದ ಸಿದ್ಧಲಿಂಗ ಯತಿಗಳು ನಾಡೆಲ್ಲ ಸಂಚರಿಸಿ ಎಡೆಯೂರಿನಲ್ಲಿ ಐಕ್ಯರಾದಾಗ, ಆ ಎಡೆಯೂರೇ ಕ್ಷೇತ್ರವಾಯಿತು. ಎಲ್ಲ ಮಣ್ಣೂ ಒಂದೇ ಎಂದು ಕಂಡವರ ಸಮಾಧಿಯ ಬಳಿಗೆ ಲೋಕವೇ ನಡೆದುಹೋಗುವುದು. ಸಂಸಾರಿಯ ಪಾಡು ಬೇರೆ. ಅವನನ್ನು ಹುಡುಕಿಕೊಂಡು ಬರುವವರು ನಾಲ್ಕೇ ಜನ. ಆ ನಾಲ್ವರು ಇರುವಲ್ಲಿಗೆ ಅವನೇ ಬರಬೇಕು.

ದೇಹವೇ ದೊರೆಯದೆ ಹೋದವರ ದುಃಖವನ್ನು ಪೂರ್ವಿಕರು ಅರಿಯದೆ ಇರಲಿಲ್ಲ. ದೇಶಾಂತರದಲ್ಲಿ ಮೃತನಾದವನ ಶರೀರವಾಗಲಿ ಅಸ್ಥಿಯಾಗಲಿ ದೊರೆಯದಿದ್ದಲ್ಲಿ, ಮುತ್ತುಗದ 360 ಎಲೆದಂಟುಗಳಿಂದ ಮನುಷ್ಯಾಕೃತಿಯನ್ನು ರಚಿಸಿ, ಶಿರಸ್ಸಿನ ಸ್ಥಾನದಲ್ಲಿ ತೆಂಗಿನಕಾಯಿಯನ್ನಿಟ್ಟು ದಹಿಸುವ ಪಾಲಾಶವಿಧಿಯನ್ನು ಧರ್ಮಶಾಸ್ತ್ರಕಾರರು ವಿಧಿಸಿದರು. ಎಲೆಯ ದಂಟನ್ನು ಒಂದೊಂದಾಗಿ ಎಣಿಸಿ, ಇದು ತೋಳು, ಇದು ಎದೆ, ಇದು ಪಾದವೆಂದು ಜೋಡಿಸುವ ಮಗನ ಬೆರಳುಗಳನ್ನು ನೆನೆದರೆ, ಆ ವಿಧಿಯನ್ನು ಕಲ್ಪಿಸಿದವರ ಕರುಣೆಯು ಅರ್ಥವಾಗುವುದು.

ಅರಸರು ಮಾತ್ರ ಈ ಕೊರತೆಯನ್ನು ಬಲದಿಂದಲೂ ಧನದಿಂದಲೂ ತುಂಬಿಕೊಳ್ಳಬಲ್ಲವರಾಗಿದ್ದರು. 1782ರ ಡಿಸೆಂಬರ್ 7ರಂದು, ಚಿತ್ತೂರಿನ ಸಮೀಪದ ನರಸಿಂಗರಾಯನಪೇಟೆಯ ದಂಡಿನ ಬೀಡಿನಲ್ಲಿ ಹೈದರಾಲಿಯು ಮೃತನಾದಾಗ, ಮಗ ಟಿಪ್ಪುವು ದೂರದ ಮಲಬಾರಿನಲ್ಲಿದ್ದನು. ಎದುರಿಗೆ ಇಂಗ್ಲಿಷರ ಸೈನ್ಯವಿದ್ದಿತು. ಸುದ್ದಿ ಹೊರಬಿದ್ದರೆ ರಾಜ್ಯವೇ ಕದಲುವುದೆಂದರಿತ ಪೂರ್ಣಯ್ಯ, ಕೃಷ್ಣರಾಯರೇ ಮೊದಲಾದವರು ಮರಣವನ್ನು ಮುಚ್ಚಿಟ್ಟು, ಕಳೇಬರವನ್ನು ಸುಗಂಧದ್ರವ್ಯಗಳಿಂದ ತುಂಬಿದ ಪೆಟ್ಟಿಗೆಯಲ್ಲಿರಿಸಿ, ಖಜಾನೆಯ ಸಾಮಗ್ರಿಯೆಂಬಂತೆ ಕಾವಲಿನೊಡನೆ ಕೋಲಾರಕ್ಕೆ ಸಾಗಿಸಿದರು. ತಂದೆ ಫತೇ ಮಹಮ್ಮದನ ಗೋರಿಯ ಬಳಿ ಕೆಲಕಾಲ ವಿಶ್ರಮಿಸಿದ ಆ ದೇಹವು ಅನಂತರ ಶ್ರೀರಂಗಪಟ್ಟಣದ ಗುಂಬಜನ್ನು ಸೇರಿತು.

ಆದರೆ ರಾಜ್ಯವನ್ನು ಕಳೆದುಕೊಂಡ ಅರಸನಿಗೆ ಮಣ್ಣೂ ದೂರವಾಗುವುದೆಂಬುದಕ್ಕೆ ಕೊಡಗಿನ ಚಿಕ್ಕವೀರರಾಜೇಂದ್ರನೇ ಸಾಕ್ಷಿ. 1820ರಲ್ಲಿ ಮಡಿಕೇರಿಯ ಗದ್ದುಗೆಯಲ್ಲಿ ತಂದೆ ಲಿಂಗರಾಜೇಂದ್ರನಿಗೆ ಭವ್ಯವಾದ ಸಮಾಧಿಯನ್ನು ಕಟ್ಟಿಸಿದವನು ಇವನೇ. 1834ರಲ್ಲಿ ಸಿಂಹಾಸನವನ್ನು ಕಳೆದುಕೊಂಡು ಕಾಶಿಯಲ್ಲಿ ವಾಸಮಾಡಿ, 1852ರಲ್ಲಿ ಮಗಳು ಗೌರಮ್ಮನೊಡನೆ ಕಡಲನ್ನು ದಾಟಿ, ಕಂಪನಿಯಿಂದ ತನ್ನ ದ್ರವ್ಯವನ್ನು ಪಡೆಯುವುದಕ್ಕಾಗಿ ಹೋರಾಡುತ್ತಲೇ 1859ರ ಸೆಪ್ಟೆಂಬರ್ 24ರಂದು ಲಂಡನ್ನಿನಲ್ಲಿ ತೀರಿಕೊಂಡನು. ಮೊದಲು ಆ ನಗರದ ನೆಲವನ್ನೇ ಸೇರಿದ ಅವನ ಶರೀರವನ್ನು ಮುಂದೆ ಕಾಶಿಗೆ ತಂದು ಜಂಗಮವಾಡಿ ಮಠದಲ್ಲಿ ಸಮಾಧಿ ಮಾಡಿದರು. ಕೊಡಗಿಗೆ ಬರಲಾಗದಿದ್ದರೂ ವೀರಶೈವ ಅರಸನೊಬ್ಬನು ತನ್ನ ಗುರುಪರಂಪರೆಯ ಮಠದ ಅಂಗಳವನ್ನು ಸೇರಿದನೆಂಬುದೇ ಸಮಾಧಾನ. 1864ರಲ್ಲಿ ತೀರಿಕೊಂಡ ಗೌರಮ್ಮನಿಗೆ ಅದೂ ಒದಗಲಿಲ್ಲ. ಅವಳು ಇಂದಿಗೂ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿಯೇ ಇರುವಳು.

1894ರ ಡಿಸೆಂಬರ್ 28ರಂದು ಮೈಸೂರಿನ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ಅಕಾಲದಲ್ಲಿ ತೀರಿಕೊಂಡಾಗ, ಅವರ ದಹನವು ಅಲ್ಲಿಯ ಕಾಳೀಘಾಟಿನ ಬಳಿಯಲ್ಲಿಯೇ ನಡೆಯಿತು. ಹತ್ತು ವರ್ಷದ ಮಗನಿದ್ದ ಅರಮನೆಯಿಂದ ಅರಸನಾಗಿ ಹೊರಟವರು ಮರಳಲಿಲ್ಲ. ರೈಲು ಬಂದಿದ್ದ ಕಾಲದಲ್ಲಿಯೂ ದೊರೆಗಳಿಗೆ ಸಾಧ್ಯವಾಗದೆ ಹೋದುದು ಇಂದು ಗಾರೆ ಕೆಲಸದ ಕೂಲಿಗಾರನಿಗೂ ಸಾಧ್ಯವಾಗಿರುವುದೆಂಬುದು ನಮ್ಮ ಕಾಲದ ದೊಡ್ಡ ಸಂಗತಿ.

ಸಾಧ್ಯವಾಗಿದೆ ಎಂದ ಮಾತ್ರಕ್ಕೆ ಸುಲಭವಾಗಿದೆಯೆಂದು ತಿಳಿಯಲಾಗದು. ಕೊಲ್ಲಿಯ ನಾಡಿನಿಂದ ಜೊತೆಯ ಕೆಲಸಗಾರನೊಬ್ಬನ ಫೋನು ಬರುವುದು. ಮನೆಯವಳಿಗೆ ಗಂಡ ದುಡಿಯುತ್ತಿದ್ದ ಕಂಪನಿಯ ಹೆಸರು ಕೂಡ ಬಾಯಿಗೆ ಬರುವುದಿಲ್ಲ. ಕಬ್ಬಿಣದ ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಕೆಳಗೆ, ರೇಷನ್ ಕಾರ್ಡಿನೊಡನೆ ಮಡಿಸಿಟ್ಟ ಪಾಸ್‌ಪೋರ್ಟಿನ ಜೆರಾಕ್ಸ್ ಪ್ರತಿಯೊಂದು ಆಗ ಹೊರಬರುವುದು. ಆ ಹಾಳೆಯ ಮಡಿಕೆಯಲ್ಲಿ ಮಾಸಿದ ಸಂಖ್ಯೆಯನ್ನು ಬೆಳಕಿಗೆ ಹಿಡಿದು ಓದಬಲ್ಲ ಒಬ್ಬನು ಬೇಕು. ಅಲ್ಲಿಯ ಮರಣಪತ್ರ, ಅಪಘಾತವಾಗಿದ್ದರೆ ಪೊಲೀಸರ ಅನುಮತಿ, ಮನೆಯವರ ಒಪ್ಪಿಗೆಪತ್ರ, ಪಾಸ್‌ಪೋರ್ಟಿನ ರದ್ದತಿ, ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ದೇಹವು ಕೆಡದಂತೆ ಸಂಸ್ಕರಿಸಿದುದಕ್ಕೆ ಒಂದು ಪ್ರಮಾಣಪತ್ರ, ಪೆಟ್ಟಿಗೆಗೆ ಮುದ್ರೆಯೊತ್ತಿದುದಕ್ಕೆ ಇನ್ನೊಂದು—ಇಷ್ಟೂ ಕೂಡಿದ ಮೇಲೆಯೇ ವಿಮಾನದಲ್ಲಿ ಸ್ಥಳ. ಖರ್ಚಿಗೆ ಗತಿಯಿಲ್ಲದವರಿಗಾಗಿ 2009ರಲ್ಲಿ ಸರ್ಕಾರವು ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿಯುಂಟು. ಅದನ್ನು ಕೇಳಬಹುದೆಂದು ಮನೆಯವರಿಗೆ ತಿಳಿಸುವವರೂ ಇರಬೇಕು.

ಯುದ್ಧದ ನಡುವೆಯೂ ಈ ಕಾರ್ಯವು ನಿಲ್ಲಲಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ತುತ್ತಾದ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯ ವಿದ್ಯಾರ್ಥಿಯ ದೇಹವು, ಇಪ್ಪತ್ತು ದಿನಗಳ ನಿರೀಕ್ಷೆಯ ಬಳಿಕ ಮಾರ್ಚ್ 21ರಂದು ಬೆಂಗಳೂರನ್ನು ತಲುಪಿ ಊರಿಗೆ ಬಂದಿತು. ಮನೆಯವರು ಪೂಜೆಯನ್ನು ಸಲ್ಲಿಸಿ, ಊರು ಮುಖವನ್ನು ನೋಡಿದ ಮೇಲೆ, ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಿತ್ತರು. ಮಣ್ಣಿಗೇ ಕೊಡದೆ ಹೋದರೂ ಮನೆಗೆ ಒಮ್ಮೆ ಬರಲೇಬೇಕೆಂದು ಅವರು ಕಾದರು. ಬಿಟ್ಟುಕೊಡುವುದಕ್ಕೂ ಮೊದಲು ಕೈಗೆ ಬಂದಿರಬೇಕಷ್ಟೆ!

ಹಿಂದೆ ಚಟ್ಟಕ್ಕೆ ಹೆಗಲು ಕೊಡಲು ನಾಲ್ವರು ಸಾಕಾಗಿದ್ದರು. ಈಗ ಅದೇ ಭಾರವನ್ನು ಕಡಲಾಚೆಯ ಶವಾಗಾರದಿಂದ ಚಂದಕವಾಡಿಯ ಹೊಲದ ಬದುವಿನವರೆಗೆ ಹೊರುವವರು ಅನೇಕರು: ಆಸ್ಪತ್ರೆಯ ಮೆಟ್ಟಿಲಲ್ಲಿ ಮೂರು ದಿನ ಕುಳಿತ ಕೋಣೆಯ ಗೆಳೆಯ, ರಜೆಯ ದಿನವೂ ಮುದ್ರೆಯೊತ್ತಿದ ಗುಮಾಸ್ತ, ಅರ್ಜಿಯನ್ನು ಬರೆದುಕೊಟ್ಟ ಊರಿನ ಮೇಷ್ಟರು, ರಾತ್ರಿಯೆಲ್ಲ ವಾಹನವನ್ನು ನಡೆಸಿದ ಚಾಲಕ. ಇವರಲ್ಲಿ ಹಲವರು ಸತ್ತವನ ಮುಖವನ್ನು ಕಂಡವರಲ್ಲ. ಹಿಡಿಮಣ್ಣನ್ನು ಹಾಕುವ ಹೊತ್ತಿಗೆ ಅವರು ಅಲ್ಲಿರುವುದೂ ಇಲ್ಲ. ಆದರೂ ಪೆಟ್ಟಿಗೆಯನ್ನು ತೆರೆದು, ತಾಯಿಯು ಮಗನ ಕೆನ್ನೆಯನ್ನು ಮುಟ್ಟಿ ನೋಡುವ ಆ ಗಳಿಗೆಗೆ ಅವರೆಲ್ಲರೂ ಕಾರಣರು. ಅಂದು ಎಲ್ಲಿಗೆ ಹೋಗಿದ್ದೆಯೆಂದು ಅವರನ್ನು ಯಾರಾದರೂ ಕೇಳಿದರೆ, ನಮ್ಮ ಸೀಮೆಯ ಮಾತಿನಲ್ಲಿ ಅವರು ಧಾರಾಳವಾಗಿ ಉತ್ತರಿಸಬಹುದು: ಮಣ್ಣಿಗೆ ಹೋಗಿದ್ದೆ.