ರಾಯಚೂರು ದೋಆಬೂ ಗವರ್ನರ್-ಜನರಲ್ ಪದವಿಯೂ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ನಾಡಿಗೆ ರಾಯಚೂರು ದೋಆಬ್ ಎಂದು ಹೆಸರು. ಕೃಷ್ಣೆಯ ಕಡೆಗೆ ಬೇಡ ನಾಯಕರ ಹಳೆಯ ನೆಲೆಯಾದ ದೇವದುರ್ಗ. ತುಂಗಭದ್ರೆಯ ಕಡೆಗೆ ಜಗನ್ನಾಥದಾಸರ ಮಾನ್ವಿ. ಎರಡಕ್ಕೂ ಮೂಡಲಲ್ಲಿ ಕೋಟೆಯ ಊರಾದ ರಾಯಚೂರು. 1520ರಲ್ಲಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್‌ಷಹನೂ ಈ ನೆಲಕ್ಕಾಗಿ ಕಾದಿದ ಸಂಗತಿಯನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಕತ್ತಿಯ ಕೆಲಸವಿಲ್ಲದೆ, ಕಾಗದದ ಮೇಲಣ ರುಜುವಿನಿಂದಲೇ ಇದೇ ನೆಲ ಕೈಬದಲಾದ ಸಂಗತಿ ಅಷ್ಟು ಪ್ರಸಿದ್ಧವಾಗಿಲ್ಲ. ಆ ರುಜುವಿನ ಹಿಂದೆ ನಿಂತಿದ್ದುದು ಗವರ್ನರ್-ಜನರಲ್ ಎಂಬ ಪದವಿ. ಶತಮಾನವೊಂದು ತುಂಬುವುದರೊಳಗಾಗಿ ಅದೇ ಪದವಿ ಈ ನಾಡಿನ ಚರಿತ್ರೆಯಲ್ಲಿ ಇನ್ನೊಮ್ಮೆ ಕಾಣಿಸಿಕೊಂಡಿತು. ಹೆಸರು ಮಾತ್ರ ಅದೇ, ತಿರುಳು ಬೇರೆಯಾಗಿತ್ತು. ಆ ವ್ಯತ್ಯಾಸವೇನು, ಅದು ಹೇಗೆ ಬಂತು ಎಂಬುದನ್ನು ಇಂದು ನಾವು ವಿಚಾರಮಾಡೋಣ.

ಈ ಪದವಿ ಹುಟ್ಟಿದ್ದು 1773ರ ರೆಗ್ಯುಲೇಟಿಂಗ್ ಆಕ್ಟಿನಿಂದ. ಮೊದಲು ಪದವಿಗೆ ಬಂದ ವಾರನ್ ಹೇಸ್ಟಿಂಗ್ಸನಿಗೆ ನಾಲ್ವರು ಸದಸ್ಯರ ಕೌನ್ಸಿಲಿನ ಬಹುಮತವನ್ನು ಮೀರುವ ಅಧಿಕಾರವಿರಲಿಲ್ಲ. ಈ ಏರ್ಪಾಡು ಜಗಳಕ್ಕೆ ಕಾರಣವಾದುದರಿಂದ, 1786ರಲ್ಲಿ ಕಾರ್ನ್‌ವಾಲಿಸನ ಕಾಲಕ್ಕೆ, ಮುಖ್ಯ ಸಂದರ್ಭಗಳಲ್ಲಿ ಕೌನ್ಸಿಲನ್ನು ಬದಿಗಿಟ್ಟು ನಡೆಯುವ ಹಕ್ಕು ಗವರ್ನರ್-ಜನರಲನಿಗೆ ದೊರೆಯಿತು. 1833ರಲ್ಲಿ ಬಂಗಾಳದ ಗವರ್ನರ್-ಜನರಲನು ಭಾರತದ ಗವರ್ನರ್-ಜನರಲನಾದನು. ಅವನ ಮೇಲೆ ಲಂಡನ್ನಿನಲ್ಲಿ ಕಂಪನಿಯ ಡೈರೆಕ್ಟರುಗಳೂ ಬ್ರಿಟಿಷ್ ಸರ್ಕಾರವೂ ಇದ್ದುದು ನಿಜ. ಆದರೆ ಅವನು ಆಳುತ್ತಿದ್ದ ಜನರಿಗೆ ಅವನು ಉತ್ತರ ಹೇಳಬೇಕಾದ ಸಭೆ ಈ ದೇಶದಲ್ಲಿ ಒಂದೂ ಇರಲಿಲ್ಲ.

ಇದರ ಫಲವನ್ನು ದೋಆಬು 1853ರಲ್ಲಿ ಕಂಡಿತು. ಹೈದರಾಬಾದಿನ ನಿಜಾಮನ ಖರ್ಚಿನಲ್ಲಿ, ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ, ಕಂಟಿಂಜೆಂಟ್ ಎಂಬ ಸೈನ್ಯವೊಂದು ಇತ್ತು. ದೋಆಬಿನ ಲಿಂಗಸುಗೂರಿನಲ್ಲಿಯೂ ಅದರ ದಂಡು ಬೀಡುಬಿಟ್ಟಿತ್ತು. ಈ ಸೈನ್ಯದ ಸಂಬಳ ಬಾಕಿಬಿದ್ದು, ನಿಜಾಮನ ಹೆಸರಿನಲ್ಲಿ ಕಂಪನಿಯು ಬರೆದುಕೊಂಡ ಸಾಲ 40 ಲಕ್ಷ ರೂಪಾಯಿಗಳನ್ನು ಮೀರಿತು. ಆಗಿನ ಗವರ್ನರ್-ಜನರಲ್ ಡಾಲ್‌ಹೌಸಿಯು ಹಣವನ್ನಾಗಲಿ, ಹಣ ಹುಟ್ಟುವ ನೆಲವನ್ನಾಗಲಿ ಕೇಳಿದನು. ನಿಜಾಮ ನಾಸಿರ್-ಉದ್-ದೌಲನಿಗೆ ಮನಸ್ಸಿರಲಿಲ್ಲ; ಆದರೂ ರೆಸಿಡೆಂಟನಾದ ಕರ್ನಲ್ ಲೋ ನಡಸಿದ ಮಾತುಕತೆಯ ಕೊನೆಗೆ, 1853ರ ಮೇ 21ರಂದು ಕೌಲು ಮುಗಿಯಿತು. ಬೀರಾರು, ನಳದುರ್ಗ-ಧಾರಾಶಿವದ ಸೀಮೆ, ರಾಯಚೂರು ದೋಆಬು—ಇವು ಸೈನ್ಯದ ಖರ್ಚಿಗೆ ಮೀಸಲಾಗಿ ಕಂಪನಿಯ ಆಡಳಿತಕ್ಕೆ ಸೇರಿದುವು. 1857ರ ದಂಗೆಯಲ್ಲಿ ನಿಜಾಮನ ಸರ್ಕಾರ ಇಂಗ್ಲಿಷರ ಪಕ್ಷದಲ್ಲಿ ನಿಂತಿತು. ಅದಕ್ಕೆ ಪ್ರತಿಯಾಗಿ, ಕ್ಯಾನಿಂಗನ ಕಾಲದಲ್ಲಿ, 1860ರ ಡಿಸೆಂಬರಿನ ಒಪ್ಪಂದದ ಮೇರೆಗೆ ದೋಆಬೂ ಧಾರಾಶಿವವೂ ಹಿಂದಿರುಗಿದುವು. ಸುರಪುರದ ಸಂಸ್ಥಾನವೂ ನಿಜಾಮನ ಕೈಸೇರಿತು. ಹೀಗೆ ಏಳು ವರ್ಷಗಳಲ್ಲಿ ದೇವದುರ್ಗದ ರೈತನೂ ಮಾನ್ವಿಯ ಶಾನುಭೋಗನೂ ಎರಡು ಬಾರಿ ಧಣಿಗಳನ್ನು ಬದಲಾಯಿಸಿದರು. ಎರಡು ಬಾರಿಯೂ ಅವರನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂಬ ಕಾನೂನೂ ಇರಲಿಲ್ಲ.

ಇದೇ ಕಾಲದಲ್ಲಿ ಸಾಮ್ರಾಜ್ಯದ ಬೇರೆ ಭಾಗಗಳಲ್ಲಿ ಈ ಪದವಿ ಬೇರೊಂದು ದಾರಿಯನ್ನು ಹಿಡಿದಿತ್ತು. ಕೆನಡಾ, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿ ಜವಾಬ್ದಾರಿ ಸರ್ಕಾರ ಬೇರೂರಿತು. ಪಾರ್ಲಿಮೆಂಟನ್ನು ಕರೆಯುವುದು, ವಿಸರ್ಜಿಸುವುದು, ಪ್ರಧಾನಿಯನ್ನು ನೇಮಿಸುವುದು, ಮಸೂದೆಗಳಿಗೆ ಸಮ್ಮತಿ ಕೊಡುವುದು, ಸೈನ್ಯದ ಮುಖ್ಯಾಧಿಪತ್ಯ, ಅಪರಾಧಿಗಳಿಗೆ ಕ್ಷಮಾದಾನ—ಇವೆಲ್ಲ ಕಾಗದದ ಮೇಲೆ ಗವರ್ನರ್-ಜನರಲನವೇ. ಆಚರಣೆಯಲ್ಲಿ ಆತನು ಇವನ್ನು ನಡಸುವುದು ಕೆಳಮನೆಯ ವಿಶ್ವಾಸ ಪಡೆದ ಮಂತ್ರಿಗಳ ಸಲಹೆಯಂತೆ. ಅವರಿಂದ ವಿಷಯವನ್ನು ತಿಳಿದುಕೊಳ್ಳಬಹುದು. ತನ್ನ ಸಂದೇಹವನ್ನು ಏಕಾಂತದಲ್ಲಿ ಹೇಳಬಹುದು. ಕೊನೆಗೆ ರುಜು ಹಾಕಬೇಕು. ತಪ್ಪಾದರೆ ಜನರೆದುರು ಉತ್ತರ ಹೇಳುವವರು ಮಂತ್ರಿಗಳು. ಅಧಿಕಾರ ಒಬ್ಬನ ಹೆಸರಿನಲ್ಲಿದ್ದು ಹೊಣೆ ಮತ್ತೊಬ್ಬರ ಮೇಲಿರುವ ಈ ಏರ್ಪಾಡು ಹೊರನೋಟಕ್ಕೆ ವಿಚಿತ್ರ. ಆದರೆ ಜನರ ಕೈಗೆ ಕಡಿವಾಣ ಬಂದುದು ಇದರಿಂದಲೇ.

ಈ ಪದ್ಧತಿಗೆ 1926ರಲ್ಲಿ ಕೆನಡಾದಲ್ಲಿ ಪರೀಕ್ಷೆಯೊದಗಿತು. ಪ್ರಧಾನಿ ಮೆಕೆಂಜಿ ಕಿಂಗ್ ಪಾರ್ಲಿಮೆಂಟಿನ ವಿಸರ್ಜನೆಯನ್ನು ಕೇಳಿದನು. ಗವರ್ನರ್-ಜನರಲ್ ಲಾರ್ಡ್ ಬಿಂಗ್ ನಿರಾಕರಿಸಿ, ಮೀಯೆನ್ ಎಂಬ ಪ್ರತಿಪಕ್ಷದ ನಾಯಕನನ್ನು ಕರೆದನು. ಆತನ ಸರ್ಕಾರ ಕೆಲವೇ ದಿನಗಳಲ್ಲಿ ಸೋತಿತು. ಬಳಿಕ ನಡೆದ ಚುನಾವಣೆಯಲ್ಲಿ ಕಿಂಗನೇ ಗೆದ್ದು ಬಂದನು. ಅದೇ ವರ್ಷದ ಇಂಪೀರಿಯಲ್ ಕಾನ್ಫರೆನ್ಸಿನಲ್ಲಿ ಬಾಲ್ಫರನ ವರದಿಯು ಒಂದು ತತ್ತ್ವವನ್ನು ಸ್ಪಷ್ಟಪಡಿಸಿತು: ಡೊಮಿನಿಯನ್ನಿನ ಗವರ್ನರ್-ಜನರಲನು ದೊರೆಯ ಪ್ರತಿನಿಧಿ, ಲಂಡನ್ ಸರ್ಕಾರದ ಪ್ರತಿನಿಧಿಯಲ್ಲ. 1931ರ ವೆಸ್ಟ್‌ಮಿನ್‌ಸ್ಟರ್ ಶಾಸನವು ಡೊಮಿನಿಯನ್ ಪಾರ್ಲಿಮೆಂಟುಗಳ ಸ್ವಾತಂತ್ರ್ಯಕ್ಕೆ ಕಾನೂನಿನ ರೂಪ ಕೊಟ್ಟಿತು. ಅದೇ ವರ್ಷ, ಪ್ರಧಾನಿ ಸ್ಕಲಿನ್ ಕೊಟ್ಟ ಸಲಹೆಯಂತೆ, ಆ ನೆಲದಲ್ಲೇ ಹುಟ್ಟಿದ ಸರ್ ಐಸಾಕ್ ಐಸಾಕ್ಸ್ ಆಸ್ಟ್ರೇಲಿಯದ ಗವರ್ನರ್-ಜನರಲನಾದನು.

ಭಾರತದಲ್ಲಿ ಮಾತ್ರ ಹಳೆಯ ಪದವಿ ಹಾಗೆಯೇ ಉಳಿಯಿತು. 1935ರ ಇಂಡಿಯಾ ಸರ್ಕಾರದ ಶಾಸನದಲ್ಲಿ ‘ಸ್ವವಿವೇಚನೆ’, ‘ಸ್ವಂತ ತೀರ್ಮಾನ’ ಎಂಬ ಮಾತುಗಳು ಗವರ್ನರ್-ಜನರಲನ ಸುತ್ತ ಕೋಟೆಯಂತೆ ನಿಂತಿದ್ದುವು. ಶಾಂತಿಭಂಗವನ್ನು ತಡೆಯುವುದು, ಸರ್ಕಾರದ ಹಣಕಾಸಿನ ಸ್ಥಿರತೆ, ಅಲ್ಪಸಂಖ್ಯಾತರ ರಕ್ಷಣೆ, ಸಂಸ್ಥಾನಗಳ ಹಕ್ಕು ಮೊದಲಾದುವು ಅವನ ‘ವಿಶೇಷ ಹೊಣೆ’ಗಳೆಂದು ಅದು ಎಣಿಸಿತು. ಈ ‘ವಿಶೇಷ ಹೊಣೆ’ ಎಂಬ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕು; ಕೊನೆಯಲ್ಲಿ ಅದು ಮತ್ತೆ ಬರುವುದು.

1947ರ ಆಗಸ್ಟ್ 15ರಂದು ಈ ಕೋಟೆ ಒಡೆಯಿತು. ಗವರ್ನರ್-ಜನರಲನು ಸ್ವವಿವೇಚನೆಯಿಂದ ನಡೆಯಬೇಕೆಂದಿದ್ದ ಉಪಬಂಧಗಳು ಸ್ವಾತಂತ್ರ್ಯ ಶಾಸನದ ಮೂಲಕ ನಿಂತುಹೋದುವು. ವೈಸರಾಯನಾಗಿದ್ದ ಮೌಂಟ್‌ಬ್ಯಾಟನ್ನನೇ ಗವರ್ನರ್-ಜನರಲನಾಗಿ ಮುಂದುವರಿದನು. ಆದರೆ ಹಿಂದಿನ ದಿನ ಆಳುತ್ತಿದ್ದವನು ಈಗ ಸಲಹೆಯಂತೆ ನಡೆಯುವವನಾದನು. ಹೈದರಾಬಾದಿನ ಮಾತುಕತೆಯನ್ನು ಆತನು ನಡಸಿದುದು ನಿಜ. ಆದರೆ ಅದು ನೆಹರೂ ಮಂತ್ರಿಮಂಡಲದ ಒಪ್ಪಿಗೆಯಿಂದ; ಆತನಿಗಿದ್ದುದು ಅವರ ವಿಶ್ವಾಸದಿಂದ ಬಂದ ಪ್ರಭಾವವೇ ಹೊರತು ಡಾಲ್‌ಹೌಸಿಯ ಅಧಿಕಾರವಲ್ಲ. 1947ರ ನವೆಂಬರ್ 29ರಂದು ಭಾರತದ ಗವರ್ನರ್-ಜನರಲನಿಗೂ ನಿಜಾಮ ಮೀರ್ ಉಸ್ಮಾನ್ ಅಲೀ ಖಾನನಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಹೈದರಾಬಾದಿನ ಕಾಗದಗಳಲ್ಲಿ ಹಳೆಯ ಪದವಿಯ ಹೆಸರು ಮತ್ತೆ ಬಂತು. ಈ ಸಲ ಅದರ ಹಿಂದೆ ಜವಾಬ್ದಾರಿಯುಳ್ಳ ಮಂತ್ರಿಮಂಡಲವಿತ್ತು.

ಆದರೆ ಒಪ್ಪಂದದ ಇನ್ನೊಂದು ಪಕ್ಷದಲ್ಲಿ ಅಂಥದು ಇರಲಿಲ್ಲ. ನಿಜಾಮನ ಸಂಸ್ಥಾನದಲ್ಲಿ ಜನರಿಗೆ ಉತ್ತರ ಹೇಳುವ ಸರ್ಕಾರವಿಲ್ಲದೆ, ರಜಾಕಾರರ ಹಾವಳಿ ಬೆಳೆಯಿತು. ರಾಯಚೂರು ಸೀಮೆಯ ಅನೇಕರು ಊರು ಬಿಟ್ಟು ಗಡಿಯಾಚೆಗೆ ಹೋದರು. 1948ರ ಜೂನಿನಲ್ಲಿ ಮೌಂಟ್‌ಬ್ಯಾಟನ್ ಹೊರಟುಹೋಗಿ ಚಕ್ರವರ್ತಿ ರಾಜಗೋಪಾಲಾಚಾರ್ಯರು ಆ ಪದವಿಗೆ ಬಂದರು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಹೊಕ್ಕಿತು. 17ರಂದು ನಿಜಾಮನು ರೇಡಿಯೋದ ಮೂಲಕ ಶರಣಾಗತಿಯನ್ನು ಸಾರಿದನು. ಆ ದಿನಗಳಲ್ಲಿಯೂ ಅದರ ಹಿಂದೆ ಮುಂದೆಯೂ ಎರಡು ಮತಗಳ ನಿರಪರಾಧಿಗಳೂ ನೊಂದರೆಂಬುದನ್ನು ಚರಿತ್ರೆ ಮರೆಮಾಚಬಾರದು. ನಮ್ಮ ವಿಷಯಕ್ಕೆ ಮುಖ್ಯವಾದುದು ಇಷ್ಟು: ಸೈನ್ಯ ಕಳುಹುವ ನಿರ್ಧಾರ ಪ್ರಧಾನಿ ನೆಹರೂ ಮತ್ತು ಸರ್ದಾರ್ ಪಟೇಲರ ಮಂತ್ರಿಮಂಡಲದ್ದು, ಅದರ ಕೀರ್ತಿಯೂ ನಿಂದೆಯೂ ಅವರಿಗೇ ಸಲ್ಲತಕ್ಕವು. ರಾಜಾಜಿಯವರು 1950ರ ಜನವರಿ 26ರವರೆಗೆ ಪದವಿಯಲ್ಲಿದ್ದು, ಭಾರತದ ಕೊನೆಯ ಗವರ್ನರ್-ಜನರಲರಾದರು. 1949ರ ಲಂಡನ್ ಘೋಷಣೆಯಂತೆ ಭಾರತವು ಗಣರಾಜ್ಯವಾಗಿಯೂ ಕಾಮನ್‌ವೆಲ್ತಿನಲ್ಲಿ ಉಳಿಯಿತು.

ಹಾಗಾದರೆ ಸಂಪ್ರದಾಯವೇ ಸಾಕು, ಕಾಗದದ ಮೇಲಣ ಅಧಿಕಾರಕ್ಕೆ ಅಂಜಬೇಕಾದುದಿಲ್ಲ ಎನ್ನಬಹುದೆ? ನೆರೆಯ ಪಾಕಿಸ್ತಾನದ ಅನುಭವ ಬೇರೆ ಉತ್ತರ ಹೇಳುತ್ತದೆ. ಅಲ್ಲಿಯ ಗವರ್ನರ್-ಜನರಲ್ ಗುಲಾಂ ಮಹಮ್ಮದನು 1953ರಲ್ಲಿ ಪ್ರಧಾನಿ ನಾಜಿಮುದ್ದೀನನನ್ನು ತೆಗೆದುಹಾಕಿ, 1954ರಲ್ಲಿ ಸಂವಿಧಾನ ಸಭೆಯನ್ನೇ ವಿಸರ್ಜಿಸಿದನು. ಜವಾಬ್ದಾರಿ ಸರ್ಕಾರ ನೆಲೆಗೊಂಡಿದ್ದ ಆಸ್ಟ್ರೇಲಿಯದಲ್ಲಿಯೂ 1975ರ ನವೆಂಬರ್ 11ರಂದು ಸರ್ ಜಾನ್ ಕರ್ ಪ್ರಧಾನಿ ವಿಟ್ಲಮನನ್ನು ವಜಾಮಾಡಿದನು. ಮೇಲ್ಮನೆಯು ಸರ್ಕಾರದ ಖರ್ಚಿನ ಮಂಜೂರಾತಿಯನ್ನು ತಡೆದುದು ಕಾರಣ. ಕರ್‌ನನ್ನು ನೇಮಿಸಲು ಸಲಹೆ ಕೊಟ್ಟಿದ್ದವನು ವಿಟ್ಲಮನೇ! ಮುಂದಿನ ತಿಂಗಳ ಚುನಾವಣೆಯಲ್ಲಿ ಜನರು ಫ್ರೇಸರನ ಪಕ್ಷವನ್ನು ಗೆಲ್ಲಿಸಿದರು. ಆದರೆ ಕರ್ ಮಾಡಿದುದು ಸರಿಯೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಇಂಥ ಅಧಿಕಾರವನ್ನು ಮೀಸಲು ಅಧಿಕಾರವೆನ್ನುವರು. ಅದರ ಎಲ್ಲೆಯನ್ನು ಯಾವ ಶಾಸನವೂ ಪೂರ್ತಿಯಾಗಿ ಬರೆದಿಲ್ಲ. ಅದನ್ನು ಬಳಸಿದ ಮೇಲೆ ಜನರ ಮತವನ್ನು ಬೇಗ ಕೇಳುವ ದಾರಿಯುಳ್ಳಲ್ಲಿ ಕೇಡು ಕಡಮೆ. ಆ ದಾರಿಯಿಲ್ಲದಲ್ಲಿ ಕೇಡು ಬಹಳ. ಕೆನಡಾ, ಆಸ್ಟ್ರೇಲಿಯಗಳ ಜನರು ಕೆಲವೇ ತಿಂಗಳುಗಳೊಳಗೆ ಮತ ಹಾಕಿದರು. ಪಾಕಿಸ್ತಾನದಲ್ಲಿ ವಯಸ್ಕ ಮತದಾನದ ಮೊದಲ ಸಾರ್ವತ್ರಿಕ ಚುನಾವಣೆ ನಡೆದುದು 1970ರಲ್ಲಿ.

ಇಂದು ಬ್ರಿಟನ್ನಿನ ದೊರೆಯನ್ನು ತಮ್ಮ ದೊರೆಯೆಂದೂ ಒಪ್ಪಿರುವ 14 ದೇಶಗಳಲ್ಲಿ ಗವರ್ನರ್-ಜನರಲ್ ಪದವಿ ಉಳಿದಿದೆ. ಬಾರ್ಬಡೋಸ್ 2021ರಲ್ಲಿ ಅದನ್ನು ಬಿಟ್ಟು ಗಣರಾಜ್ಯವಾಯಿತು. ಪಾಪುವಾ ನ್ಯೂಗಿನಿಯಲ್ಲಿ ಪಾರ್ಲಿಮೆಂಟೇ ಆ ಪದವಿಗೆ ಹೆಸರನ್ನು ಆರಿಸುವುದು. ನಮ್ಮಲ್ಲಿ ಪದವಿಯ ಹೆಸರು ಹೋದರೂ ಅದರ ಸಮಸ್ಯೆ ಹೋಗಿಲ್ಲ. ಗಣರಾಜ್ಯದ ಮೊದಲ ದಿನವೇ ನಿಜಾಮನು ಹೈದರಾಬಾದಿನ ರಾಜಪ್ರಮುಖನಾದನು. ಸ್ವಂತ ಇಚ್ಛೆಯಿಂದ ಆಳಿದ ದೊರೆ ಸಂವಿಧಾನಕ್ಕೆ ಕಟ್ಟುಬಿದ್ದು ರುಜು ಹಾಕುವ ಸ್ಥಾನಕ್ಕೆ ಬಂದನು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರಿಗೆ ಸೇರಿ, ಅಲ್ಲಿಂದ ಮುಂದೆ ರಾಜ್ಯಪಾಲರ ಹೆಸರಿನಲ್ಲಿ ಆಡಳಿತ ನಡೆಯತೊಡಗಿತು.

ಈಗ ಆ ಹಳೆಯ ಮಾತಿಗೆ ಬರೋಣ. 98ನೆಯ ತಿದ್ದುಪಡಿಯ ಮೂಲಕ ಸಂವಿಧಾನದಲ್ಲಿ 371ಜೆ ಎಂಬ ವಿಧಿ ಸೇರಿ, 2013ರಲ್ಲಿ ಜಾರಿಗೆ ಬಂತು. 2019ರಿಂದ ಕಲ್ಯಾಣ ಕರ್ನಾಟಕವೆನಿಸಿಕೊಂಡ ಸೀಮೆಗೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಹಣದ ನ್ಯಾಯವಾದ ಹಂಚಿಕೆ, ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಸ್ಥಳೀಯರಿಗೆ ಅವಕಾಶ—ಇವಕ್ಕಾಗಿ ರಾಜ್ಯಪಾಲರಿಗೆ ‘ವಿಶೇಷ ಹೊಣೆ’ಯನ್ನು ವಹಿಸಲು ಅದು ರಾಷ್ಟ್ರಪತಿಗೆ ಅಧಿಕಾರ ಕೊಟ್ಟಿದೆ. 1935ರಲ್ಲಿ ಜನರ ಪ್ರತಿನಿಧಿಗಳ ಕೈಕಟ್ಟಲು ಬಳಸಿದ್ದ ಮಾತು, ಹಿಂದುಳಿದ ಸೀಮೆಯೊಂದರ ಕೈಹಿಡಿಯಲು ಮರಳಿ ಬಂದಿದೆ. ಮಾತು ಒಂದೇ ಆದರೂ ಭೇದವೊಂದುಂಟು: ಮಂಡಳಿಯ ಕೆಲಸದ ವರದಿಯನ್ನು ವರ್ಷವರ್ಷವೂ ರಾಜ್ಯದ ವಿಧಾನಸಭೆಯ ಮುಂದೆ ಇಡಬೇಕೆಂದು ಆ ವಿಧಿಯೇ ಹೇಳುತ್ತದೆ.

1853ರ ಕೌಲಿನ ವಿಚಾರವಾಗಿ ದೋಆಬಿನ ಯಾವ ಸಭೆಯ ಮುಂದೆಯೂ ಯಾವ ವರದಿಯೂ ಬರಲಿಲ್ಲ. ಇಂದು ದೇವದುರ್ಗವೂ ಮಾನ್ವಿಯೂ ರಾಯಚೂರೂ ತಮ್ಮ ಶಾಸಕರನ್ನು ಆ ವಿಧಾನಸಭೆಗೆ ಕಳುಹುತ್ತವೆ. ಆದುದರಿಂದ ರಾಜ್ಯಾಂಗದ ಯಾವುದೇ ಉನ್ನತ ಪದವಿಯನ್ನು ಅಳೆಯುವಾಗ, ಅದರ ಹೆಸರು ಎಷ್ಟು ದೊಡ್ಡದು ಎಂದು ನೋಡುವುದಕ್ಕಿಂತ ಮೂರು ಪ್ರಶ್ನೆಗಳನ್ನು ಕೇಳುವುದು ಮೇಲು: ರುಜು ಯಾರ ಸಲಹೆಯಿಂದ ಬೀಳುತ್ತದೆ? ಅದಕ್ಕೆ ಉತ್ತರ ಹೇಳುವವರು ಯಾರು? ಉತ್ತರವನ್ನು ಕೇಳುವ ಸಭೆ ಎಲ್ಲಿದೆ? ಕೇಳುವ ಸಭೆಯಿದ್ದೂ ಯಾರೂ ಕೇಳದಿದ್ದರೆ, ವರದಿ ಮೇಜಿನ ಮೇಲೆ ಬಂದೂ ಯಾರೂ ಓದದಿದ್ದರೆ, ಆ ತಪ್ಪನ್ನು ಡಾಲ್‌ಹೌಸಿಯ ಲೆಕ್ಕಕ್ಕೆ ಬರೆಯಲಾಗದು.